ಬೆಕ್ಕಿಗೆ ಉಣ್ಣೆ ಹತ್ತಿದರೆ

ನಮ್ಮ ಕಡೆ ಬೆಕ್ಕಿಲ್ಲದ ಮನೆ ಕಡಿಮೆ. ಹಿರಿಯೂರಿನ ಶೇಂಗಾ ಮೂಟೆ ಇರಲಿ, ಚಿತ್ರದುರ್ಗದ ಮೆಕ್ಕೆಜೋಳ ಇರಲಿ, ಹೊಸದುರ್ಗದ ರಾಗಿ ಕೊಬ್ಬರಿ ಇರಲಿ, ಹೊಳಲ್ಕೆರೆಯ ಅಡಿಕೆ ತೋಟದ ಮನೆ ಇರಲಿ, ಇಲಿಯ ಕಾಟ ತಪ್ಪಿದ್ದಲ್ಲ. ಇಲಿ ಇದ್ದ ಕಡೆ ಬೆಕ್ಕು ಬೇಕೇ ಬೇಕು. ಅದಕ್ಕೆ ನಾವು ಕೊಡುವ ಕೂಲಿ ಎಷ್ಟು? ಒಂದು ಸೌಟು ಹಾಲು, ಒಂದು ತುತ್ತು ಮುದ್ದೆ. ಎತ್ತಿಗೆ, ಎಮ್ಮೆಗೆ, ಕುರಿಗೆ ಏನಾದರೂ ಆದರೆ ದನದ ಆಸ್ಪತ್ರೆಗೆ ಓಡುತ್ತೇವೆ. ಬೆಕ್ಕಿಗೆ ಆದರೆ ಮಾತ್ರ, "ಅದು ತಾನೇ ನೆಕ್ಕಿಕೊಂಡು ವಾಸಿ ಮಾಡಿಕೊಳ್ತದೆ ಬಿಡ್ರಿ" ಅಂತ ಸುಮ್ಮನಾಗುತ್ತೇವೆ.

ಬೆಕ್ಕು ಮೈ ನೆಕ್ಕಿಕೊಳ್ಳುತ್ತದೆ, ನಿಜ. ಆ ನೆಕ್ಕುವ ಗುಣವೇ ಅದರ ಪ್ರಾಣ ತೆಗೆಯುವುದೂ ಉಂಟು. ಅದು ಹೇಗೆ ಅನ್ನುವುದನ್ನು ಮುಂದೆ ನೋಡೋಣ.

ಮೊದಲು ಉಣ್ಣೆಯ ವಿಚಾರ. ನಮ್ಮ ಕಲಿಕಾ ಕೇಂದ್ರದಲ್ಲಿ ಒಂದು ರಾತ್ರಿ ಹಲಗೆಯ ಮೇಲೆ 'ಉಣ್ಣೆ' ಎಂದು ಬರೆದು ಓದಿಸುತ್ತಿದ್ದೆವು. ಒಬ್ಬ ಅಜ್ಜಿ ಕೂಡಿಸಿ ಕೂಡಿಸಿ ಓದಿದರು. ಆಮೇಲೆ ಕೇಳಿದರು: "ಯಾವ ಉಣ್ಣೆ ಮೇಷ್ಟ್ರೇ? ಕಂಬಳಿ ನೇಯೋ ಉಣ್ಣೆನೋ, ರಕ್ತ ಕುಡಿಯೋ ಉಣ್ಣೆನೋ?" ಎಲ್ಲರೂ ನಕ್ಕರು. ಪ್ರಶ್ನೆ ಸರಿಯಾಗೇ ಇತ್ತು. ಎರಡಕ್ಕೂ ಅಕ್ಷರ ಒಂದೇ. ನಮ್ಮ ಸೀಮೆಯಲ್ಲಿ ಎರಡೂ ಕುರಿಯ ಮೈಮೇಲೇ ಸಿಗುತ್ತವೆ! ಕೆಲವು ಕಡೆ ರಕ್ತ ಕುಡಿಯುವ ಉಣ್ಣೆಗೆ ಉಣುಗು ಅಂತಲೂ, ಉಣ್ಣಿ ಅಂತಲೂ ಅನ್ನುತ್ತಾರೆ. ನಾವಿಲ್ಲಿ ಹೇಳುವುದು ಆ ಉಣ್ಣೆಯ ಮಾತು.

"ಕುರಿಗೆ ಹತ್ತೋ ಉಣ್ಣೆ ಬೆಕ್ಕಿಗೂ ಹತ್ತೈತಾ?" ಅಂತ ಅವತ್ತೇ ಇನ್ನೊಬ್ಬರು ಕೇಳಿದರು. ಹತ್ತುತ್ತದೆ. ಕುರಿ ರೊಪ್ಪದ ಬೇಲಿ ಸಂದಿಯಲ್ಲಿ, ದನದ ಕೊಟ್ಟಿಗೆಯಲ್ಲಿ, ಹುಲ್ಲಿನ ಬಣವೆಯ ಹತ್ತಿರ ಬೆಕ್ಕು ಇಲಿ ಕಾಯುತ್ತಾ ಕೂರುತ್ತದೆ. ಅಲ್ಲೇ ಉಣ್ಣೆಯೂ ಯಾರಾದರೂ ಬರಲಿ ಅಂತ ಕಾಯುತ್ತಾ ಇರುತ್ತದೆ. ಉಣ್ಣೆಗೆ ರೆಕ್ಕೆ ಇಲ್ಲ. ಅದು ಚಿಗಟದ ಹಾಗೆ ನೆಗೆಯುವುದೂ ಇಲ್ಲ. ಹುಲ್ಲಿನ ತುದಿಗೋ ಗೋಡೆಗೋ ಹತ್ತಿ, ಮುಂದಿನ ಕಾಲು ಚಾಚಿ ಕೂರುತ್ತದೆ. ಬಿಸಿ ಮೈ, ಬಿಟ್ಟ ಉಸಿರು ಹತ್ತಿರ ಬಂದದ್ದು ಅದಕ್ಕೆ ತಿಳಿಯುತ್ತದೆ. ಮೈ ತಗುಲಿದ ತಕ್ಷಣ ಹಿಡಿದುಕೊಳ್ಳುತ್ತದೆ. ಇನ್ನು ಮನೆಯ ನಾಯಿಯ ಮೈಮೇಲಿನ ಕಂದು ಉಣ್ಣೆ ಇದೆಯಲ್ಲ, ಅದಕ್ಕೆ ಹುಲ್ಲೂ ಬೇಕಿಲ್ಲ. ಮನೆಯ ಗೋಡೆಯ ಬಿರುಕಿನಲ್ಲೇ ಸಂಸಾರ ಮಾಡಿಕೊಂಡು ಇರುತ್ತದೆ.

ಉಣ್ಣೆ ಹುಳುವಿನ ಜಾತಿ ಅಂತ ನಾವು ತಿಳಿದಿದ್ದೇವೆ. ಸರಿಯಾಗಿ ನೋಡಿದರೆ ಅದು ಜೇಡ, ಚೇಳುಗಳ ಬಳಗದ್ದು. ಚಿಗಟಕ್ಕೆ, ಹೇನಿಗೆ ಆರು ಕಾಲು. ಬೆಳೆದ ಉಣ್ಣೆಗೆ ಎಂಟು ಕಾಲು. ಮೊಟ್ಟೆಯಿಂದ ಆಗ ತಾನೇ ಹೊರಬಂದ ಮರಿಗೆ ಮಾತ್ರ ಆರು. ಆ ಮರಿ ಗಸಗಸೆ ಕಾಳಿಗಿಂತ ಚಿಕ್ಕದು, ಕಣ್ಣಿಗೆ ಕಾಣುವುದೇ ಕಷ್ಟ. ಒಮ್ಮೆ ರಕ್ತ ಕುಡಿದು ಪೊರೆ ಬಿಟ್ಟರೆ ರಾಗಿ ಕಾಳಿನಷ್ಟಾಗುತ್ತದೆ, ಎಂಟು ಕಾಲು ಬರುತ್ತದೆ. ಇನ್ನೊಮ್ಮೆ ಕುಡಿದು ಪೊರೆ ಬಿಟ್ಟರೆ ಪೂರಾ ಬೆಳೆದ ಉಣ್ಣೆ. ಹಸಿದಿರುವಾಗ ಅದು ಎಳ್ಳಿನ ಹಾಗೆ ಚಪ್ಪಟೆ. ಹೆಣ್ಣು ಉಣ್ಣೆ ನಾಲ್ಕಾರು ದಿನ ಕಚ್ಚಿಕೊಂಡು ರಕ್ತ ಕುಡಿದರೆ ಊದಿ, ಬೂದು ಬಣ್ಣಕ್ಕೆ ತಿರುಗಿ, ಹೊಳೆಯುತ್ತಾ ಥೇಟ್ ಹರಳು ಬೀಜದ ಹಾಗೆ ಆಗುತ್ತದೆ. ಹರಳೆಣ್ಣೆ ತೆಗೆಯುವ ಹರಳು. ಇದು ನಮ್ಮ ಕಣ್ಣಿಗೆ ಮಾತ್ರ ಕಂಡದ್ದಲ್ಲ. ಹರಳು ಗಿಡಕ್ಕೆ ವಿಜ್ಞಾನಿಗಳು ಇಟ್ಟಿರುವ ಹೆಸರು 'ರಿಸಿನಸ್'. ಲ್ಯಾಟಿನ್ ಎಂಬ ಹಳೆಯ ಭಾಷೆಯಲ್ಲಿ ಆ ಮಾತಿಗೆ ಅರ್ಥ ಉಣ್ಣೆ ಅಂತ! ಸಾವಿರಾರು ಮೈಲಿ ದೂರದವರಿಗೂ ಹರಳು ಬೀಜ ಕಂಡಾಗ ಉಣ್ಣೆಯೇ ನೆನಪಾಗಿದೆ ನೋಡಿ.

ಹೊಟ್ಟೆ ತುಂಬಿದ ಹೆಣ್ಣು ಕೆಳಗೆ ಬಿದ್ದು, ಸಂದಿ ಸೇರಿ, ಸಾವಿರಾರು ಮೊಟ್ಟೆ ಇಟ್ಟು ಸಾಯುತ್ತದೆ. ಅದಕ್ಕೇ ಹೇಳುವುದು, ಒಂದೇ ಒಂದು ಉಣ್ಣೆ ಕಂಡರೂ ಅದು ತಾನಾಗಿ ಉದುರುವ ತನಕ ಕಾಯಬೇಡಿ. ಇನ್ನೊಂದು ಕಾರಣವೂ ಉಂಟು. ಉಣ್ಣೆಯ ಜೊಲ್ಲಿನಲ್ಲಿ ರೋಗಾಣು ಇರಬಹುದು. ಬಹಳಷ್ಟು ರೋಗಾಣುಗಳು ಕಚ್ಚಿದ ಕ್ಷಣಕ್ಕೇ ಒಳಗೆ ಹೋಗುವುದಿಲ್ಲ, ಕೆಲವು ಗಂಟೆ, ಕೆಲವು ಸಲ ಒಂದು ದಿನವೇ ಬೇಕಾಗುತ್ತದೆ. ಬೇಗ ತೆಗೆದಷ್ಟೂ ಒಳ್ಳೆಯದು.

ಎಲ್ಲಿ ಹುಡುಕಬೇಕು? ಬೆಕ್ಕಿನ ನಾಲಗೆ ಬಾಚಣಿಗೆ ಇದ್ದಂತೆ. ನಾಲಗೆ ಎಟಕುವ ಕಡೆ ಉಣ್ಣೆ ನಿಲ್ಲುವುದು ಕಡಿಮೆ. ಎಟಕದ ಕಡೆ ನೋಡಿ. ಕಿವಿಯ ಒಳಗೆ ಹೊರಗೆ, ಕಿವಿಯ ಬುಡ, ಹುಬ್ಬಿನ ಹತ್ತಿರ, ಗದ್ದದ ಕೆಳಗೆ, ಕುತ್ತಿಗೆಯ ಸುತ್ತ. ಕಾಲ್ಬೆರಳ ಸಂದಿ, ಮುಂಗಾಲಿನ ಕಂಕುಳು, ಬಾಲದ ಬುಡವನ್ನೂ ಬಿಡಬೇಡಿ. ಕಣ್ಣಿನಿಂದ ಹುಡುಕುವುದಕ್ಕಿಂತ ಬೆರಳಿನಿಂದ ಹುಡುಕುವುದು ಮೇಲು. ಬೆಕ್ಕು ಊಟ ಮಾಡಿ ತೊಡೆಯ ಮೇಲೆ ಮಲಗಿದಾಗ, ಕೂದಲಿಗೆ ಎದುರಾಗಿ ಮೆಲ್ಲಗೆ ಕೈಯಾಡಿಸಿ. ಗಂಟು ಸಿಕ್ಕಿದರೆ ಕೂದಲು ಬಿಡಿಸಿ ಬೆಳಕಿಗೆ ಹಿಡಿದು ನೋಡಿ.

ಸಿಕ್ಕ ಗಂಟೆಲ್ಲ ಉಣ್ಣೆಯಲ್ಲ. ಇದು ಬಹಳ ಮುಖ್ಯ. ಬೆಕ್ಕಿನ ಹೊಟ್ಟೆಯ ಮೇಲೆ ಎರಡು ಸಾಲಿನಲ್ಲಿ ಮೊಲೆತೊಟ್ಟು ಇರುತ್ತವೆ, ಸಾಮಾನ್ಯವಾಗಿ ಎಂಟು. ಗಂಡು ಬೆಕ್ಕಿಗೂ ಇರುತ್ತವೆ. ಉಣ್ಣೆ ಅಂತ ತಿಳಿದು ಅದನ್ನು ಚಿಮುಟದಲ್ಲಿ ಹಿಡಿದು ಎಳೆದವರಿದ್ದಾರೆ! ಪಾಪ, ಆ ಬೆಕ್ಕು ಪರಚದೆ ಇನ್ನೇನು ಮಾಡೀತು? ಒಂದು ಕಡೆ ಗಂಟು ಕಂಡರೆ ಅದರ ಎದುರು ಸಾಲಿನಲ್ಲೂ ಅಂಥದೇ ಇದೆಯಾ ನೋಡಿ. ಇದ್ದರೆ ಅದು ಮೊಲೆತೊಟ್ಟು. ಗಾಯದ ಹಕ್ಕಳೆ, ನರುಲಿ, ಮೈಗೆ ಅಂಟಿದ ಉತ್ತರಾಣಿ ಬೀಜ, ಇವೂ ಮೋಸ ಮಾಡುತ್ತವೆ. ಗಂಟಿನ ಬುಡದಲ್ಲಿ, ಚರ್ಮದ ಹತ್ತಿರ, ಪುಟ್ಟ ಕಾಲುಗಳು ಕಂಡರೆ ಅದು ಉಣ್ಣೆಯೇ. ಕೂದಲಲ್ಲಿ ಕರೀ ಪುಡಿ ಮಾತ್ರ ಕಂಡರೆ ಅದನ್ನು ಒದ್ದೆ ಬಿಳಿ ಬಟ್ಟೆಯ ಮೇಲೆ ಉದುರಿಸಿ. ಸುತ್ತ ಕೆಂಪಗೆ ಹರಡಿದರೆ ಅದು ಚಿಗಟದ ಹಿಕ್ಕೆ. ಕೆಂಪು ಬರುವುದು ಚಿಗಟ ಕುಡಿದ ರಕ್ತದಿಂದ.

ಈಗ ತೆಗೆಯುವ ಕೆಲಸ. ದೊಡ್ಡ ಸಾಮಾನೇನೂ ಬೇಡ. ಜಾಲಿ ಮುಳ್ಳಿನ ಸೀಮೆ ನಮ್ಮದು, ಮುಳ್ಳು ಕೀಳುವ ಚಿಮುಟ ಊರಲ್ಲಿ ಯಾರ ಹತ್ತಿರವಾದರೂ ಇದ್ದೇ ಇರುತ್ತದೆ. ಎಲೆಯಡಿಕೆ ಸಂಚಿಯಲ್ಲಿ ಇಟ್ಟುಕೊಂಡು ತಿರುಗುವ ಹಿರಿಯರೂ ಉಂಟು. ಅದರ ತುದಿ ಸಣ್ಣಗಿರಬೇಕು, ಎರಡು ತುದಿಯೂ ಸರಿಯಾಗಿ ಕೂಡಬೇಕು. ಬಿಸಿನೀರಲ್ಲಿ ಸೋಪು ಹಚ್ಚಿ ತೊಳೆದುಕೊಳ್ಳಿ. ಒಂದು ಸಣ್ಣ ಮುಚ್ಚಳದ ಬಾಟಲಿಯಲ್ಲಿ ಸ್ಪಿರಿಟ್ ಹಾಕಿ ಪಕ್ಕಕ್ಕೆ ಇಡಿ. ಕೈಗೆ ರಬ್ಬರು ಗವಸು ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ತೂತಿಲ್ಲದ ಪ್ಲಾಸ್ಟಿಕ್ ಕವರ್ ಕೈಗೆ ಸುತ್ತಿಕೊಂಡರೂ ನಡೆದೀತು.

ಇಬ್ಬರು ಇದ್ದರೆ ಕೆಲಸ ಹಗುರ. ಬೆಕ್ಕನ್ನು ಹಳೆಯ ಟವಲಿನಲ್ಲೋ ಸೀರೆ ತುಂಡಿನಲ್ಲೋ ಕೂಸನ್ನು ಸುತ್ತಿದ ಹಾಗೆ ಸುತ್ತಿ, ನಾಲ್ಕು ಕಾಲೂ ಒಳಗೆ, ತಲೆ ಮಾತ್ರ ಹೊರಗೆ. ಒಬ್ಬರು ಹಿಡಿದು ಮಾತಾಡಿಸುತ್ತಾ ಇರಬೇಕು. ಅದುಮಿ ಹಿಡಿಯಬಾರದು. ಮಕ್ಕಳ ಕೈಗೆ ಈ ಕೆಲಸ ಬೇಡ. ಇನ್ನೊಬ್ಬರು ಉಣ್ಣೆಯ ಸುತ್ತ ಕೂದಲು ಬಿಡಿಸಿ, ಚಿಮುಟದ ತುದಿಯನ್ನು ಚರ್ಮಕ್ಕೆ ಆದಷ್ಟೂ ಹತ್ತಿರ ತಂದು ಉಣ್ಣೆಯ ತಲೆಯ ಕಡೆ ಹಿಡಿಯಬೇಕು. ಊದಿದ ಹೊಟ್ಟೆಯನ್ನು ಹಿಡಿಯಬಾರದು. ಹೊಟ್ಟೆ ಹಿಂಡಿದರೆ ಅದರೊಳಗಿನ ರಸವೆಲ್ಲ ಬೆಕ್ಕಿನ ಗಾಯದೊಳಕ್ಕೆ ಹೋದೀತು. ಹಿಡಿದ ಮೇಲೆ ನೇರವಾಗಿ ಮೇಲಕ್ಕೆ, ಒಂದೇ ಸಮನೆ, ನಿಧಾನವಾಗಿ ಎಳೆಯಿರಿ. ಜಗ್ಗಬೇಡಿ, ತಿರುಚಬೇಡಿ. ಚರ್ಮ ಸ್ವಲ್ಪ ಮೇಲೆದ್ದು ಬರುತ್ತದೆ. ಹಾಗೇ ಹಿಡಿದು ತಾಳಿಕೊಳ್ಳಿ. ಕೆಲವು ಕ್ಷಣದಲ್ಲಿ ಉಣ್ಣೆ ಬಿಡುತ್ತದೆ.

ಯಾಕೆ ಇಷ್ಟು ನಿಧಾನ? ಉಣ್ಣೆಯ ಬಾಯಿ ಸೂಜಿಯಂತೆ ನಯವಾಗಿಲ್ಲ. ಮೀನಿನ ಗಾಳಕ್ಕೆ ಹಿಂದಕ್ಕೆ ಬಾಗಿದ ಕೊಕ್ಕೆ ಇರುವುದಿಲ್ಲವೇ? ಅಂಥ ಪುಟ್ಟ ಪುಟ್ಟ ಕೊಕ್ಕೆಗಳು ಸಾಲಾಗಿ ಇರುತ್ತವೆ. ಬಹಳ ಜಾತಿಯ ಉಣ್ಣೆಗಳು ಸಾಲದ್ದಕ್ಕೆ ಗೋಂದಿನಂಥ ಅಂಟನ್ನೂ ಸುರಿಸಿಕೊಂಡು ಗಟ್ಟಿಯಾಗಿ ಕೂರುತ್ತವೆ. ಪಟ್ಟನೆ ಕಿತ್ತರೆ ಮೈ ಕೈಗೆ ಬರುತ್ತದೆ, ಬಾಯಿ ಒಳಗೇ ಮುರಿದು ಉಳಿಯುತ್ತದೆ.

ಉಳಿದೇಬಿಟ್ಟರೆ ಏನು ಮಾಡಬೇಕು? ಚಿಮುಟಕ್ಕೆ ಸುಲಭವಾಗಿ ಸಿಕ್ಕಿದರೆ ತೆಗೆಯಿರಿ. ಸಿಗದಿದ್ದರೆ ಬಿಟ್ಟುಬಿಡಿ. ಸೂಜಿ ಹಾಕಿ ಕೆದಕಬೇಡಿ. ಮುರಿದ ಮುಳ್ಳನ್ನು ಮೈ ತಾನೇ ಹೊರಗೆ ನೂಕುವಂತೆ ಅದನ್ನೂ ನೂಕುತ್ತದೆ. ಉಣ್ಣೆ ಕಿತ್ತ ಜಾಗದಲ್ಲಿ ಕೆಲವು ದಿನ ಸಣ್ಣ ಗಂಟು ಇರುವುದು ಸಹಜ. ಅದು ದೊಡ್ಡದಾಗುತ್ತಾ ಹೋದರೆ, ಕೀವು ಆದರೆ ಆಸ್ಪತ್ರೆಗೆ ತೋರಿಸಿ.

ಚಿಮುಟ ಸಿಗಲೇ ಇಲ್ಲ ಅನ್ನಿ. ಗಟ್ಟಿಯಾದ ಸಣ್ಣ ದಾರದಲ್ಲಿ ಒಂದು ಸರಗುಣಿಕೆ ಮಾಡಿ, ಉಣ್ಣೆಯ ಬುಡಕ್ಕೆ, ಚರ್ಮಕ್ಕೆ ತಾಗುವಂತೆ ಹಾಕಿ ಬಿಗಿದು, ನಿಧಾನ ಮೇಲಕ್ಕೆ ಎಳೆಯಬಹುದು.

ಕಿತ್ತ ಉಣ್ಣೆಯನ್ನು ಉಗುರಿನಲ್ಲಿ ಕುಕ್ಕುವುದು ನಮ್ಮ ಜನಕ್ಕೆ ರೂಢಿ. ಪಟ್ ಅಂದರೇ ಸಮಾಧಾನ! ಆದರೆ ಆ ರಕ್ತ ಉಗುರು ಸಂದಿಗೆ, ಕೈಯ ಗೀರಿಗೆ, ಕಣ್ಣಿಗೆ ಹಾರಿದರೆ ರೋಗ ನಮಗೇ ಬರಬಹುದು. ಸ್ಪಿರಿಟ್ ಬಾಟಲಿಗೆ ಹಾಕಿ ಮುಚ್ಚಿ. ಸ್ಪಿರಿಟ್ ಇಲ್ಲದಿದ್ದರೆ ಕುದಿಯುವ ನೀರಿಗೆ ಹಾಕಿ. ಹಿತ್ತಲಿಗೆ ಮಾತ್ರ ಎಸೆಯಬೇಡಿ, ಅದು ಅಲ್ಲೇ ಮೊಟ್ಟೆ ಇಟ್ಟೀತು. ಕಚ್ಚಿದ ಜಾಗವನ್ನು ಉಪ್ಪು ಹಾಕಿ ಕಾಯಿಸಿ ಆರಿಸಿದ ನೀರಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ. ಕೈಯನ್ನು ಸೋಪು ಹಚ್ಚಿ ತೊಳೆಯಿರಿ. ಅಷ್ಟೇ ಕೆಲಸ. ಕೀಳುವುದಕ್ಕೆ ಹಿಡಿಯುವುದು ಒಂದು ನಿಮಿಷ. ಬೆಕ್ಕನ್ನು ಹಿಡಿಯುವುದಕ್ಕೆ ಎಷ್ಟು ಹೊತ್ತೋ, ಅದು ಅವರವರ ಬೆಕ್ಕಿಗೆ ಬಿಟ್ಟದ್ದು.

ಇಷ್ಟು ಸುಲಭದ ಕೆಲಸವನ್ನು ನಾವು ಕಷ್ಟ ಮಾಡಿಕೊಂಡಿದ್ದೇವೆ. ಒಬ್ಬರು ಹೊತ್ತಿದ ಬೀಡಿ ತಾಗಿಸಿ ಅಂತಾರೆ. ಇನ್ನೊಬ್ಬರು ಸೀಮೆಎಣ್ಣೆ ಹಾಕಿ ಅಂತಾರೆ. ಹೊಗೆಸೊಪ್ಪು ನೆನೆಸಿದ ನೀರು, ಸುಣ್ಣ, ಕರ್ಪೂರದ ಎಣ್ಣೆ, ಹೀಗೆ ಊರಿಗೊಂದು ಮದ್ದು. ಬೀಡಿ ತಾಗಿದರೆ ಮೊದಲು ಸುಡುವುದು ಬೆಕ್ಕಿನ ಚರ್ಮ. ಬಿಸಿಗೋ ಎಣ್ಣೆಗೋ ಸಿಕ್ಕಿದ ಉಣ್ಣೆ ಸಂಕಟದಲ್ಲಿ ಇನ್ನಷ್ಟು ಜೊಲ್ಲನ್ನು ಗಾಯದೊಳಗೆ ಕಾರಬಹುದು. ಇವೆಲ್ಲಕ್ಕಿಂತ ದೊಡ್ಡ ಅಪಾಯ ಬೇರೆ ಇದೆ. ಎತ್ತಿನ ಮೈಗೆ ಹಚ್ಚಿದ್ದು ಹೆಚ್ಚಾಗಿ ಎತ್ತಿನ ಮೈಮೇಲೇ ಇರುತ್ತದೆ. ಬೆಕ್ಕಿನ ಮೈಗೆ ಹಚ್ಚಿದ್ದು ಒಂದು ಗಳಿಗೆಯಲ್ಲಿ ಅದರ ಹೊಟ್ಟೆಯಲ್ಲಿರುತ್ತದೆ. ಮೈಗೆ ಏನೇ ತಾಗಲಿ, ಬೆಕ್ಕು ಅದನ್ನು ನೆಕ್ಕಿ ನೆಕ್ಕಿ ತೆಗೆಯುವ ಪ್ರಾಣಿ. ಸೀಮೆಎಣ್ಣೆ ಬಾಯಿ ಸುಟ್ಟು ಶ್ವಾಸಕೋಶ ಕೆಡಿಸುತ್ತದೆ. ಹೊಗೆಸೊಪ್ಪಿನ ವಿಷ ನರಕ್ಕೆ ಹೋಗುತ್ತದೆ. ಬೆಕ್ಕಿಗೆ ಹಚ್ಚುವುದು ಅಂದರೆ ಬೆಕ್ಕಿಗೆ ಕುಡಿಸುವುದು ಅಂತಲೇ ತಿಳಿಯಿರಿ.

ನಮ್ಮ ಕೇಂದ್ರಕ್ಕೆ ಬರುತ್ತಿದ್ದ ಒಬ್ಬ ಅಕ್ಕನ ಮನೆಯಲ್ಲಿ ಕುರಿಗೆ ಹಾಕುವ ಉಣ್ಣೆ ಔಷಧಿ ಮಿಕ್ಕಿತ್ತು. ಕುರಿ ಮೈ ತೊಳೆದ ದಿನವೇ ಅದೇ ಬಕೀಟಿನಲ್ಲಿ ಬೆಕ್ಕನ್ನೂ ಅದ್ದಿ ತೆಗೆದರು. ಕೆಟ್ಟ ಮನಸ್ಸಿನಿಂದ ಅಲ್ಲ, ಅದಕ್ಕೂ ಒಳ್ಳೆಯದಾಗಲಿ ಅಂತಲೇ. ಸಂಜೆಗೆ ಬೆಕ್ಕು ಜೊಲ್ಲು ಸುರಿಸಿತು. ಕಿವಿ ಅದುರಿತು, ಆಮೇಲೆ ಮೈಯೆಲ್ಲ ನಡುಗಿತು. ಬೆಳಗಾಗುವುದರೊಳಗೆ ಸತ್ತಿತು. "ಕುರಿಗಳು ಚೆನ್ನಾಗೇ ಅವೆ, ಇದ್ಯಾಕೆ ಸತ್ತೋಯ್ತು ಮೇಷ್ಟ್ರೇ?" ಎಂದು ಆಕೆ ಕೇಳಿದರು. ಕೇಳಬೇಕಾದ ಪ್ರಶ್ನೆಯೇ.

ಉತ್ತರ ಬೆಕ್ಕಿನ ಲಿವರ್‌ನಲ್ಲಿದೆ. ಹೊಟ್ಟೆಗೆ ಹೋದ ವಿಷವನ್ನು ಮುರಿದು ಹೊರಗೆ ಹಾಕುವುದು ಲಿವರಿನ ಕೆಲಸ. ನಾಯಿ, ಕುರಿ, ಮನುಷ್ಯರ ಲಿವರ್ ಮುರಿಯಬಲ್ಲ ಕೆಲವು ವಿಷಗಳನ್ನು ಬೆಕ್ಕಿನ ಲಿವರ್ ಮುರಿಯಲಾರದು. ಆ ಶಕ್ತಿ ಅದಕ್ಕೆ ಹುಟ್ಟಿನಿಂದಲೇ ಕಡಿಮೆ. ನಾಯಿಗೆ ಔಷಧಿಯಾದದ್ದು ಬೆಕ್ಕಿಗೆ ವಿಷ. ಅದಕ್ಕೇ ಬಾಟಲಿಯ ಮೇಲಿನ ಅಕ್ಷರ ಓದಬೇಕು. ಪರ್ಮೆಥ್ರಿನ್, ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ಎಂದಿದ್ದರೆ ಬೆಕ್ಕಿನ ಹತ್ತಿರವೂ ತರಬೇಡಿ. ಕೊನೆಯಲ್ಲಿ 'ಥ್ರಿನ್' ಅಂತ ಇದೆಯಲ್ಲ, ಅದನ್ನು ಗುರುತು ಇಟ್ಟುಕೊಳ್ಳಿ. ಅಮಿಟ್ರಾಜ್ ಎಂಬುದೂ ಬೇಡ. ಬಾಟಲಿಯ ಮೇಲೆ ಕನ್ನಡ ಇರುವುದು ಅಪರೂಪ, ಇದ್ದರೂ ಅಕ್ಷರ ಇರುವೆ ಸಾಲಿನಷ್ಟು ಸಣ್ಣ. ಇಂಗ್ಲಿಷ್ ಓದುವ ಶಾಲೆಯ ಮಕ್ಕಳಿಂದ ಓದಿಸಿ, ಇಲ್ಲವೇ ಅಂಗಡಿಯವರನ್ನೇ ಕೇಳಿ: "ಇದು ಬೆಕ್ಕಿಗೆ ಅಂತ ಬರೆದೈತಾ?" ಬರೆದಿಲ್ಲ ಅಂದರೆ ತರಬೇಡಿ. ನಾಯಿಗೆ ಹಾಕುವುದನ್ನು ಅರ್ಧ ಮಾಡಿ ಹಾಕಿದರೆ ಆದೀತು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಹಿಂದೆಲ್ಲ ದನಕ್ಕೂ ನಾಯಿಗೂ ಬಿ.ಎಚ್.ಸಿ. ಪುಡಿ ಉದುರಿಸುತ್ತಿದ್ದರು. 1997ರಲ್ಲಿ ನಮ್ಮ ದೇಶದಲ್ಲಿ ಅದನ್ನು ನಿಷೇಧ ಮಾಡಿದರು. ಅಟ್ಟದ ಮೇಲೆ ಹಳೆಯ ಡಬ್ಬಿ ಇದ್ದರೆ ಯಾವ ಪ್ರಾಣಿಗೂ ಬಳಸಬೇಡಿ.

ಗಾಯ ತೊಳೆಯುವ ಔಷಧಿಯಲ್ಲೂ ಎಚ್ಚರ ಬೇಕು. ನೀರಿಗೆ ಹಾಕಿದರೆ ಹಾಲಿನ ಹಾಗೆ ಬೆಳ್ಳಗಾಗುವ ಡೆಟಾಲು, ಫಿನಾಯಿಲು ಬೆಕ್ಕಿಗೆ ಆಗದು. ಬೆಕ್ಕು ಓಡಾಡುವ ನೆಲಕ್ಕೆ ಫಿನಾಯಿಲ್ ಹಾಕಿದರೆ ಒಣಗುವ ತನಕ ಅದನ್ನು ಹೊರಗಿಡಿ. ಜ್ವರ ಬಂದಿದೆ ಅಂತ ಪ್ಯಾರಾಸಿಟಮಾಲ್ ಚೂರು ಹಾಕುವುದಂತೂ ಬೇಡವೇ ಬೇಡ. ಮನುಷ್ಯರ ಒಂದು ಮಾತ್ರೆ ಒಂದು ಬೆಕ್ಕನ್ನು ಕೊಲ್ಲಲು ಸಾಕು.

ತಿಳಿಯದೆ ಔಷಧಿ ಬಿದ್ದುಹೋಗಿದ್ದರೆ, ಬೆಕ್ಕು ನಡುಗುವುದಕ್ಕೆ ಮೊದಲೇ, ಉಗುರುಬೆಚ್ಚಗಿನ ನೀರಿನಲ್ಲಿ ಪಾತ್ರೆ ತೊಳೆಯುವ ಸೋಪಿನ ನೀರು ಹಾಕಿ ಮೈ ತೊಳೆಯಿರಿ. ಒರೆಸಿ, ಬೆಚ್ಚಗೆ ಸುತ್ತಿ, ನೆಕ್ಕಲು ಬಿಡದೆ ಪಶು ವೈದ್ಯರ ಹತ್ತಿರ ಒಯ್ಯಿರಿ. ಆಗಲೇ ನಡುಕ ಬಂದಿದ್ದರೆ ತೊಳೆಯುತ್ತಾ ಕೂರದೆ ಸೀದಾ ಒಯ್ಯಿರಿ. ಬಾಟಲಿಯನ್ನೂ ಜೊತೆಗೆ ತೆಗೆದುಕೊಂಡು ಹೋಗಿ. ವಾಂತಿ ಮಾಡಿಸುವುದು, ಬಾಯಿಗೆ ಹಾಲು ಸುರಿಯುವುದು ಬೇಡ. ಪಶುಪಾಲನಾ ಇಲಾಖೆಯ ಸಂಚಾರಿ ಚಿಕಿತ್ಸಾ ವಾಹನಕ್ಕೆ 1962 ಎಂಬ ಸಂಖ್ಯೆ ಇದೆ. ಅದಕ್ಕೆ ಫೋನ್ ಮಾಡಿ ಕೇಳಬಹುದು.

ಹಾಗಾದರೆ ಉಣ್ಣೆ ಬಾರದ ಹಾಗೆ ಬೆಕ್ಕಿಗೆ ಹಾಕುವ ಔಷಧಿಯೇ ಇಲ್ಲವೇ? ಇದೆ. ಫಿಪ್ರೊನಿಲ್ ಎಂಬ ಔಷಧಿಯನ್ನು ಬೆಕ್ಕಿಗೆ ಅಂತಲೇ ಸಣ್ಣ ಕೊಳವೆಯಲ್ಲಿ ತುಂಬಿ ಮಾರುತ್ತಾರೆ. ಕುತ್ತಿಗೆಯ ಹಿಂದೆ, ನಾಲಗೆ ಎಟಕದ ಜಾಗದಲ್ಲಿ, ಕೂದಲು ಬಿಡಿಸಿ ಚರ್ಮಕ್ಕೆ ಹಾಕಬೇಕು. ಬೆಕ್ಕಿನ ತೂಕ, ವಯಸ್ಸು ನೋಡಿ ಪಶು ವೈದ್ಯರು ಹೇಳಿದ ಮೇಲೆ ಹಾಕಿ. ಎರಡು ತಿಂಗಳು ತುಂಬದ ಮರಿಗೆ ಔಷಧಿ ಬೇಡ, ಚಿಮುಟವೇ ಸಾಕು. ಆದರೆ ಮರಿಯ ಮೈತುಂಬ ಉಣ್ಣೆ ಇದ್ದರೆ ಅದರ ತುಟಿ ಎತ್ತಿ ಒಸಡು ನೋಡಿ. ಗುಲಾಬಿ ಬಣ್ಣ ಹೋಗಿ ಬಿಳಿಚಿಕೊಂಡಿದ್ದರೆ ರಕ್ತ ಕಡಿಮೆಯಾಗಿದೆ ಅಂತ ಅರ್ಥ. ಅದನ್ನು ಅವತ್ತೇ ಆಸ್ಪತ್ರೆಗೆ ಒಯ್ಯಬೇಕು. ದೊಡ್ಡ ಬೆಕ್ಕು ಉಣ್ಣೆ ಕಿತ್ತ ಮೇಲೆ ಊಟ ಬಿಟ್ಟರೆ, ಮೂಲೆ ಹಿಡಿದು ಮಲಗಿದರೆ ಅದನ್ನೂ ತೋರಿಸಿ.

ಉಣ್ಣೆ ಕೀಳುವಾಗ ಬೆಕ್ಕು ಪರಚಿತು, ಕಚ್ಚಿತು ಅನ್ನಿ. ಸುಣ್ಣ ಹಚ್ಚಿ ಸುಮ್ಮನಾಗಬೇಡಿ. ಹುಚ್ಚು ರೋಗ ನಾಯಿಯಿಂದ ಮಾತ್ರ ಬರುವುದಲ್ಲ, ಬೆಕ್ಕಿನಿಂದಲೂ ಬರುತ್ತದೆ. ಬಂದ ಮೇಲೆ ಉಳಿಯುವವರಿಲ್ಲ ಅಂತಲೇ ಹೇಳಬೇಕು. ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಿರಿ. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ಸೂಜಿ ಹಾಕಿಸಿಕೊಳ್ಳಿ. ಬೆಕ್ಕಿಗೂ ವರ್ಷ ವರ್ಷ ಹುಚ್ಚು ರೋಗದ ಲಸಿಕೆ ಹಾಕಿಸಿ.

ಉಣ್ಣೆ ಅಂದ ಕೂಡಲೇ ಕೆಲವರು ಹೆದರಿ ಕೇಳುತ್ತಾರೆ, ಮಂಗನ ಕಾಯಿಲೆ ಬರುತ್ತದಾ ಅಂತ. ಹೆದರಿಕೆಗೆ ಕಾರಣ ಇದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲು ಸಾಲಾಗಿ ಸತ್ತವು. ಸುತ್ತಲಿನ ಹಳ್ಳಿಯವರಿಗೂ ಜ್ವರ ಬಂತು, ಜನರೂ ಸತ್ತರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹುಡುಕಿದಾಗ ರೋಗ ಹರಡಿದ್ದು ಕಾಡಿನ ಉಣ್ಣೆ ಅಂತ ಗೊತ್ತಾಯಿತು. ಇಡೀ ಲೋಕ ಇವತ್ತು ಆ ರೋಗವನ್ನು ಕ್ಯಾಸನೂರು ಕಾಡಿನ ಕಾಯಿಲೆ ಅಂತಲೇ ಕರೆಯುತ್ತದೆ. ಬಂದವರಲ್ಲಿ ನೂರಕ್ಕೆ ಮೂರರಿಂದ ಐದು ಜನ ಸಾಯುತ್ತಾರೆ. ಅದಕ್ಕೆ ಇದ್ದ ಹಳೆಯ ಲಸಿಕೆ ಸಾಕಷ್ಟು ಕೆಲಸ ಮಾಡುತ್ತಿಲ್ಲ ಅಂತ 2022ರಲ್ಲಿ ನಿಲ್ಲಿಸಿದರು. 2024ರಲ್ಲೂ ಮಲೆನಾಡಿನಲ್ಲಿ ಸಾವುಗಳಾದವು.

ಅದು ಮಲೆನಾಡಿನ, ಘಟ್ಟದ ಕಾಡಿನ ರೋಗ. ನಮ್ಮದು ಬಯಲು ಸೀಮೆ. ಇಲ್ಲಿ ಮನೆ ಬೆಕ್ಕಿನ ಕಿವಿಯಲ್ಲಿ ಕಂಡ ಉಣ್ಣೆಯಿಂದ ಮಂಗನ ಕಾಯಿಲೆ ಬಂತು ಅಂತ ಹೆದರಿ ಬೆಕ್ಕನ್ನು ಓಡಿಸಬೇಕಾಗಿಲ್ಲ. ಆದರೆ ಒಂದು ಮಾತು. ಹೊಳಲ್ಕೆರೆಯಿಂದ ಬಸ್ಸು ಹತ್ತಿದರೆ ಶಿವಮೊಗ್ಗ ಅರ್ಧ ದಿನದ ದಾರಿಯೂ ಅಲ್ಲ. ಅಡಿಕೆ ಕೊಯ್ಲಿಗೆ, ಕಾಫಿ ತೋಟಕ್ಕೆ ಅಂತ ನಮ್ಮವರು ಹೋಗಿ ಬರುತ್ತಾರೆ. ಕಾಡಿನ ಉಣ್ಣೆಯ ಕಾಟ ನವೆಂಬರಿನಿಂದ ಮೇ ತಿಂಗಳ ತನಕ ಹೆಚ್ಚು. ಆಗ ಹೋಗುವವರು ಮೈತುಂಬ ಬಟ್ಟೆ ಹಾಕಬೇಕು. ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ ಹಚ್ಚಿಕೊಳ್ಳಬೇಕು. ಕೆಲಸ ಬಿಟ್ಟು ಬಂದ ಕೂಡಲೇ ಬಿಸಿನೀರು ಸ್ನಾನ ಮಾಡಿ ಬಟ್ಟೆ ಒಗೆಯಬೇಕು. ಸತ್ತ ಮಂಗನನ್ನು ಮುಟ್ಟಬಾರದು. ಬಯಲು ಸೀಮೆಯ ಉಣ್ಣೆಯಿಂದಲೂ ಬೇರೆ ತರಹದ ಜ್ವರ ಬರಬಹುದು. ಉಣ್ಣೆ ಕಚ್ಚಿದ ಎರಡು ವಾರದೊಳಗೆ ಜ್ವರ, ತಲೆನೋವು, ಮೈಮೇಲೆ ಕೆಂಪು ಗಂಧೆ ಕಂಡರೆ ಡಾಕ್ಟರಿಗೆ "ನನಗೆ ಉಣ್ಣೆ ಕಚ್ಚಿತ್ತು" ಅಂತ ಬಾಯಿ ಬಿಟ್ಟು ಹೇಳಿ. ಕೇಳದಿದ್ದರೂ ಹೇಳಿ. ಬೇಗ ಗೊತ್ತಾದರೆ ಅಂಥ ಜ್ವರಗಳಲ್ಲಿ ಹಲವಕ್ಕೆ ಒಳ್ಳೆಯ ಔಷಧಿ ಇದೆ.

ಉಣ್ಣೆಯಿಂದ ರೋಗ ಬರುತ್ತದೆ ಅನ್ನುವುದನ್ನು ಮೊದಲು ಅನುಮಾನಪಟ್ಟವರು ದನ ಕಾಯುವವರು. ಅಮೆರಿಕದಲ್ಲಿ ದನಗಳು ಜ್ವರ ಬಂದು ಕೆಂಪು ಉಚ್ಚೆ ಹೊಯ್ದು ಸಾಯುತ್ತಿದ್ದವು. ಇದು ಉಣ್ಣೆಯ ಕೆಲಸ ಅಂತ ದನ ಸಾಕುವವರು ಹೇಳಿದರೆ ಓದಿದವರು ನಕ್ಕರಂತೆ. 1893ರಲ್ಲಿ ಥಿಯೋಬಾಲ್ಡ್ ಸ್ಮಿತ್ ಮತ್ತು ಅವರ ಜೊತೆಗಾರರು ದನ ಕಟ್ಟಿ ಪರೀಕ್ಷೆ ಮಾಡಿ, ಅದು ನಿಜ ಅಂತ ತೋರಿಸಿದರು. ಸೊಳ್ಳೆಯಿಂದ ಮಲೇರಿಯಾ ಬರುತ್ತದೆ ಅಂತ ಲೋಕಕ್ಕೆ ತಿಳಿಯುವ ಮೊದಲಿನ ಮಾತಿದು.

ಬೆಕ್ಕಿನ ಮೈ ಸರಿಯಾದರೆ ಕೆಲಸ ಮುಗಿಯಲಿಲ್ಲ. ನಮ್ಮ ಕಣ್ಣಿಗೆ ಬಿದ್ದ ಉಣ್ಣೆ ಸ್ವಲ್ಪ, ಸಂದಿಯಲ್ಲಿರುವುದು ಬಹಳ. ತಿಂಗಳುಗಟ್ಟಲೆ ಉಪವಾಸ ಇದ್ದು ಕಾಯುವ ಪ್ರಾಣಿ ಅದು. ಬೆಕ್ಕು ಮಲಗುವ ಗೋಣಿತಾಟನ್ನು ಕುದಿಯುವ ನೀರಿನಲ್ಲಿ ನೆನೆಸಿ ಒಗೆದು, ಸುಡುಬಿಸಿಲಿಗೆ ಹಾಕಿ. ಗೋಡೆಯ ಬಿರುಕು, ಬಾಗಿಲ ಚೌಕಟ್ಟಿನ ಸಂದಿಯನ್ನು ಗಾರೆಯಿಂದಲೋ ಮಣ್ಣಿನಿಂದಲೋ ಮುಚ್ಚಿ. ಹಿತ್ತಲಿನ ಕಳೆ ಕೀಳಿ. ಕೋಳಿ ಇದ್ದರೆ ಕೊಟ್ಟಿಗೆಯಲ್ಲಿ ಬಿಡಿ, ಬಿದ್ದ ಉಣ್ಣೆಯನ್ನು ಹೆಕ್ಕಿ ತಿನ್ನುತ್ತವೆ. ದನದ ಬೆನ್ನ ಮೇಲೆ ಗೊರವಂಕ ಕೂತರೆ ಓಡಿಸಬೇಡಿ. ಅದು ನಮ್ಮ ಕೆಲಸವನ್ನೇ ಮಾಡುತ್ತಿರುತ್ತದೆ.

ಮನೆಯಲ್ಲಿ ನಾಯಿ ಇದ್ದರೆ ಅದಕ್ಕೂ ಅದೇ ವಾರ ಚಿಕಿತ್ಸೆ ಆಗಬೇಕು. ಇಲ್ಲದಿದ್ದರೆ ಬೆಕ್ಕಿನಿಂದ ಕಿತ್ತದ್ದು ನಾಯಿಯಿಂದ ಮತ್ತೆ ಬರುತ್ತದೆ. ನಾಯಿಗೋ ಕುರಿಗೋ ಔಷಧಿ ಹಾಕಿದ ದಿನ ಬೆಕ್ಕನ್ನು ಬೇರೆ ಕೋಣೆಯಲ್ಲಿ ಕೂಡಿ ಹಾಕಿ. ನಾಯಿಯ ಮೈ ಪೂರಾ ಒಣಗುವ ತನಕ ಇಬ್ಬರೂ ಒತ್ತಿಕೊಂಡು ಮಲಗದಂತೆ ನೋಡಿ. ಔಷಧಿ ಕಲಸಿದ ಬಕೀಟನ್ನು ತೊಳೆದು ಕವುಚಿ ಇಡಿ. ತೊಳೆದ ನೀರನ್ನು ಬೆಕ್ಕು, ಕೋಳಿ ಕುಡಿಯುವ ಕಡೆ, ಬಾವಿ ಕೆರೆಯ ಕಡೆ ಚೆಲ್ಲಬೇಡಿ. ಆಮೇಲೆ ಎರಡು ಮೂರು ತಿಂಗಳು, ದಿನಾ ಸಂಜೆ ಬೆಕ್ಕು ತೊಡೆ ಏರಿದಾಗ ಕಿವಿಯ ಬುಡಕ್ಕೆ ಒಮ್ಮೆ ಬೆರಳಾಡಿಸಿ ನೋಡುತ್ತಿರಿ.